ಆರು ದಿನದ ಜಾಬ್ ಕೋಚ್ ತರಬೇತಿ: ಐದಕ್ಕೆ ಮೂರೂವರೆ

ಡೊಂಬಿವಲಿಯಿಂದ ಘಾಟ್‌ಕೋಪರ್‌ಗೆ ಲೋಕಲ್, ಅಲ್ಲಿಂದ ಮೆಟ್ರೋ ಹಿಡಿದು ಅಂಧೇರಿ. ನವೆಂಬರಿನಲ್ಲಿ ಹೀಗೆ ಆರು ದಿನ ಓಡಾಡಿ ಒಂದು ತರಬೇತಿ ಮುಗಿಸಿದೆ. ವಿಕಲಚೇತನರಿಗೆ ಕೆಲಸ ಹುಡುಕಿಕೊಟ್ಟು, ಆ ಕೆಲಸ ಕೈಬಿಡದಂತೆ ಜೊತೆಗಿರುವವರಿಗೆ ಜಾಬ್ ಕೋಚ್ ಅಂತಾರೆ. ಅವರಿಗಾಗಿಯೇ ಇರುವ ತರಬೇತಿ ಇದು. ನಾನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿದ್ದು ವಿಆರ್‌ಎಸ್ ತೆಗೆದುಕೊಂಡವಳು. ನಾಲ್ಕು ವರ್ಷದಿಂದ ಮನೆ ಹತ್ತಿರದ ಸಣ್ಣ ಕೇಂದ್ರವೊಂದರಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಯಾರೂ ಕಲಿಸಿರಲಿಲ್ಲ, ತೋಚಿದಂತೆ ಮಾಡುತ್ತಿದ್ದೆ. ಫೀಸು 4,500 ರೂಪಾಯಿ, ಊಟ ಸೇರಿ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ದೂರುಗಳೂ ಇವೆ, ಒಳ್ಳೆಯ ಮಾತೂ ಇದೆ.

ದೂರು ಮೊದಲ ದಿನ ಬಾಗಿಲಲ್ಲೇ ಶುರುವಾಯಿತು. ಕ್ಲಾಸು ಎರಡನೇ ಮಹಡಿಯಲ್ಲಿ. ಲಿಫ್ಟ್ ಇದೆ, ಆದರೆ ಲಿಫ್ಟಿನವರೆಗೆ ಹೋಗಲು ಮೂರು ಮೆಟ್ಟಿಲು ಹತ್ತಬೇಕು. ನಮ್ಮ ಬ್ಯಾಚಿನ ಹದಿನೆಂಟು ಜನರಲ್ಲಿ ಒಬ್ಬರು ಗಾಲಿಕುರ್ಚಿಯಲ್ಲಿ ಬರುತ್ತಿದ್ದರು. ಆರೂ ದಿನ ಬೆಳಿಗ್ಗೆ, ಸಂಜೆ ಇಬ್ಬರು ವಾಚ್‌ಮನ್‌ಗಳು ಅವರನ್ನು ಕುರ್ಚಿ ಸಮೇತ ಎತ್ತಿ ಇಳಿಸಿದರು. ಅವರು ಮಾತ್ರ ನಗುತ್ತಲೇ ಇದ್ದರು. ನನಗೆ ನಗು ಬರಲಿಲ್ಲ. ಇಂಥ ತರಬೇತಿ ಕೊಡುವವರೇ ಒಂದು ಹಲಗೆ ಹಾಕಿಸದಿದ್ದರೆ ಇನ್ಯಾರು ಹಾಕಿಸುತ್ತಾರೆ?

ಆ ದಿನವೇ ಮಧ್ಯಾಹ್ನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಾರಿಡಾರಿನಲ್ಲಿ ನಡೆಯುವ ಆಟ. ಎಲ್ಲರೂ ಗೋಡೆಗೆ ಗುದ್ದಿಕೊಂಡರು, ಫೋಟೋ ತೆಗೆದುಕೊಂಡರು. ಹತ್ತು ನಿಮಿಷ ಕುರುಡಾದರೆ ಹೆದರಿಕೆ ಗೊತ್ತಾಗುತ್ತದೆ, ಅಷ್ಟೆ. ವರ್ಷಗಟ್ಟಲೆ ಕೋಲು ಹಿಡಿದು ದಾದರ್ ಸೇತುವೆ ದಾಟುವವರ ಚಾಕಚಕ್ಯ ಗೊತ್ತಾಗುವುದಿಲ್ಲ. ಇದನ್ನು ಕೈಬಿಟ್ಟರೆ ಒಳ್ಳೆಯದು ಅಂತ ಫೀಡ್‌ಬ್ಯಾಕ್ ಫಾರಂನಲ್ಲೂ ಬರೆದಿದ್ದೇನೆ.

ಎರಡನೇ ದಿನ ಮಾತ್ರ ಕೊಟ್ಟ ದುಡ್ಡು ಪೂರ್ತಿ ವಸೂಲಿ. ಕಲಿಸಿದವರು ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಪ್ರತಿಯೊಬ್ಬರಿಗೂ ಮಡಚದ ಮಿಠಾಯಿ ಡಬ್ಬಿಯ ರಟ್ಟು ಕೊಟ್ಟರು. ಅಂಗಡಿಯಲ್ಲಿ ಚಪ್ಪಟೆಯಾಗಿ ಕಟ್ಟು ಕಟ್ಟಿ ಇಟ್ಟಿರುತ್ತಾರಲ್ಲ, ಅದೇ. ಪಕ್ಕದವರಿಗೆ ಅದನ್ನು ಡಬ್ಬಿ ಮಾಡಲು ಕಲಿಸಬೇಕು, ಬಾಯಿಂದ ಒಂದು ಮಾತೂ ಬರಬಾರದು. ನಾನು ಸುಲಭ ಅಂದುಕೊಂಡೆ. ಮೂರು ಸಲ ಬಾಯಿ ತೆರೆದು ಬೈಸಿಕೊಂಡೆ. ಡಬ್ಬಿ ಮಾಡುವುದು ಐದು ಹೆಜ್ಜೆಯ ಕೆಲಸ ಅಂತ ಬರೆದಿದ್ದೆ. ಅವರು ನನ್ನ ಕೈ ನೋಡುತ್ತಾ ಎಣಿಸಿ ಹತ್ತೊಂಬತ್ತು ಮಾಡಿದರು. ಯಾವ ಬೆರಳು ಎಲ್ಲಿ ಅನ್ನುವುದೂ ಒಂದು ಹೆಜ್ಜೆ. ಕಲಿಯುವವನು ತಪ್ಪಿದರೆ ಅವನು ದಡ್ಡ ಅಂತಲ್ಲ, ನಾವು ಹೆಜ್ಜೆಯನ್ನು ಸಾಕಷ್ಟು ಸಣ್ಣದಾಗಿ ಒಡೆದಿಲ್ಲ ಅಂತ. 1970ರ ದಶಕದಲ್ಲಿ ಅಮೆರಿಕದ ಮಾರ್ಕ್ ಗೋಲ್ಡ್ ಎಂಬುವರು ಇದೇ ದಾರಿ ಹಿಡಿದರಂತೆ. ಇವರಿಂದ ಏನೂ ಆಗದು ಅಂತ ಎಲ್ಲರೂ ಬದಿಗಿಟ್ಟಿದ್ದ ಜನರಿಗೆ ಸೈಕಲ್ ಬ್ರೇಕಿನ ಬಿಡಿಭಾಗ ಜೋಡಿಸುವುದನ್ನು ಕಲಿಸಿ ತೋರಿಸಿದವರು ಅವರು.

ಭಾಷೆಯ ಬಗ್ಗೆ ಆ ಹೆಂಗಸು ಹೇಳಿದ್ದು ಮುಂಬೈಗೆ ಹೇಳಿ ಮಾಡಿಸಿದಂತಿತ್ತು. ಮನೆಯಲ್ಲಿ ಅಮ್ಮ 'ಪುಸ್' ಅನ್ನುತ್ತಾಳೆ, ಕೋಚ್ 'ಪೋಂಛೋ' ಅನ್ನುತ್ತಾಳೆ, ಹೋಟೆಲಿನವರು 'ಒರೆಸು' ಅನ್ನುತ್ತಾರೆ. ನಮಗೆ ಮೂರೂ ಒಂದೇ, ಕಲಿಯುವವನಿಗೆ ಮೂರು ಬೇರೆ ಬೇರೆ ಕೆಲಸ. ಎಲ್ಲರೂ ಕೂತು ಒಂದು ಪದ ಆರಿಸಿಕೊಳ್ಳಿ ಅಂದರು. ನಾಲ್ಕು ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ.

ನಮ್ಮ ಕೇಂದ್ರಕ್ಕೆ ಚುರುಕು ಮುಟ್ಟಿಸಿದ ಮಾತೂ ಒಂದಿತ್ತು. ನಮ್ಮಲ್ಲಿ ಮಕ್ಕಳು ಹಣತೆಗೆ ಬಣ್ಣ ಹಚ್ಚುತ್ತಾರೆ, ರಾಖಿ ಮಾಡುತ್ತಾರೆ, ಕಾಗದದ ಚೀಲ ಅಂಟಿಸುತ್ತಾರೆ. 'ಮಕ್ಕಳು' ಅಂದೆ ನೋಡಿ, ಅದರಲ್ಲಿ ಒಬ್ಬರಿಗೆ ಮೂವತ್ತೊಂದು ವರ್ಷ. ಹನ್ನೊಂದು ವರ್ಷದಿಂದ ಅವರು ಕೆಲಸಕ್ಕೆ 'ತಯಾರಾಗುತ್ತಲೇ' ಇದ್ದಾರೆ. ಮೊದಲು ಕೆಲಸಕ್ಕೆ ಸೇರಿಸಿ, ಆ ಜಾಗದಲ್ಲೇ ಕಲಿಸಿ ಅನ್ನುವುದು ಜಾಬ್ ಕೋಚ್ ಪದ್ಧತಿಯ ಬೇರು. ಕೇಳಿ ಸ್ವಲ್ಪ ನಾಚಿಕೆಯೇ ಆಯಿತು.

ವಿಕಲಚೇತನರ ಹಕ್ಕಿನ ಕಾಯ್ದೆಯ ಪಾಠ ಎರಡು ಗಂಟೆ, ಚೊಕ್ಕ. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ, 2016ರದ್ದರಲ್ಲಿ 21. ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಶೇಕಡಾ 3 ಇದ್ದದ್ದು 4 ಆಯಿತು. ಖಾಸಗಿಯವರೂ ಸಮಾನ ಅವಕಾಶ ನೀತಿಯನ್ನು ಬರೆದು ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಯಾವ ಯಾವ ಹುದ್ದೆ ಸೂಕ್ತ ಅಂತ ಪಟ್ಟಿ ಮಾಡಿ, ಒಬ್ಬ ಸಂಪರ್ಕ ಅಧಿಕಾರಿಯನ್ನೂ ನೇಮಿಸಬೇಕು. ದೊಡ್ಡ ಕಂಪನಿಯ ಎಚ್‌ಆರ್ ಮುಂದೆ ಇದು ಉಪಯೋಗಕ್ಕೆ ಬರುತ್ತದೆ. ಮಾತುಂಗದ ಹೋಟೆಲ್ ಮಾಲೀಕರ ಮುಂದೆ ಕಾಯ್ದೆ ಬಿಚ್ಚಿದರೆ ಒಂದು ಕಾಫಿ ಕುಡಿಸಿ ಕಳಿಸುತ್ತಾರೆ, ಅಷ್ಟೆ. ಸಂಜ್ಞಾ ಭಾಷೆಗೆ ಒಂದೇ ಗಂಟೆ ಕೊಟ್ಟರು, ಲೆಕ್ಕಕ್ಕಿಲ್ಲ. ಕಿವುಡರ ಜೊತೆ ಕೆಲಸ ಮಾಡುವವರು ಬಾಂದ್ರಾ ರೆಕ್ಲಮೇಷನ್‌ನ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲಿ ವಿಚಾರಿಸುವುದೇ ಸರಿ.

ಈಗ ದೊಡ್ಡ ದೂರು. ಕೆಲಸ ಕೊಡಿಸುವುದಕ್ಕೆ ಐದು ದಿನ, ಉಳಿಸಿಕೊಳ್ಳುವುದಕ್ಕೆ ಕೊನೆಯ ದಿನದ ಒಂದೂವರೆ ಗಂಟೆ. ಅದೂ ಎಲ್ಲರ ಕಣ್ಣು ಸರ್ಟಿಫಿಕೇಟಿನ ಮೇಲೆ ಇದ್ದಾಗ. ನನಗೆ ಬೇಕಾಗಿದ್ದದ್ದೇ ಅದು.

ಯಾಕೆ ಅಂತ ಹೇಳುತ್ತೇನೆ. ನಮ್ಮಲ್ಲಿ ಡೌನ್ ಸಿಂಡ್ರೋಮ್ ಇರುವ ಇಪ್ಪತ್ನಾಲ್ಕರ ಹುಡುಗ ಇದ್ದಾನೆ, ಠಾಣೆಯವನು. ಹೋದ ವರ್ಷ ಅವನನ್ನು ಒಂದು ಅಂಗಡಿಯ ಗೋದಾಮಿಗೆ ಸೇರಿಸಿದ್ದೆ. ಏಳು ವಾರ ಚೆನ್ನಾಗಿ ಮಾಡಿದ. ಆಮೇಲೆ ಅಲ್ಲಿನ ಸೂಪರ್‌ವೈಸರಿಗೆ ವರ್ಗವಾಯಿತು. ಹೊಸಬರು ಏಪ್ರನ್ ಇಡುವ ಕಪಾಟು ಬದಲಿಸಿದರು. ಇವನಿಗೆ ಯಾರೂ ಹೇಳಲಿಲ್ಲ. ಏಪ್ರನ್ ಇಲ್ಲದೆ ಕೆಲಸ ಶುರು ಮಾಡಬಾರದು ಅಂತ ಕಲಿಸಿದವಳು ನಾನೇ, ಅಲ್ವಾ? ಹಳೆಯ ಕಪಾಟಿನ ಮುಂದೆ ಮೂರು ದಿನ ನಿಂತ. ನಾಲ್ಕನೇ ದಿನ 'ಬರುವುದು ಬೇಡ' ಅಂದರು. ನನಗೆ ಫೋನ್ ಬಂದದ್ದು ಐದನೇ ದಿನ.

ಇಂಥದ್ದಕ್ಕೆ ಏನು ಮಾಡಬೇಕು ಅಂತ ಟೀ ಬಿಡುವಿನಲ್ಲಿ ಆ ಹೆಂಗಸನ್ನೇ ಹಿಡಿದು ಕೇಳಿದೆ. ಅವರು ಹೇಳಿದ್ದು ಇಷ್ಟು. ಕೋಚ್ ದಿನೇ ದಿನೇ ಹಿಂದೆ ಸರಿಯಬೇಕು. ಸರಿಯುವ ಮೊದಲು ಆ ಜಾಗದಲ್ಲೇ ಕೆಲಸ ಮಾಡುವ ಒಬ್ಬರು ನಿಮ್ಮ ಜಾಗಕ್ಕೆ ಬಂದಿರಬೇಕು. ಮಾಲೀಕರಲ್ಲ, ಮ್ಯಾನೇಜರೂ ಅಲ್ಲ, ಪಕ್ಕದಲ್ಲಿ ನಿಂತು ದುಡಿಯುವವರು. ಈ ಮೂರು ನಿಮಿಷದ ಮಾತನ್ನು ಎರಡು ದಿನದ ಪಾಠ ಮಾಡಿದ್ದರೆ ನಾನು ಐದಕ್ಕೆ ಐದೂ ಕೊಡುತ್ತಿದ್ದೆ.

ಜನವರಿಯಲ್ಲಿ ಅದೇ ಹುಡುಗ ಮಾತುಂಗದ ಒಂದು ಉಡುಪಿ ಹೋಟೆಲಿಗೆ ಸೇರಿದ. ತೊಳೆದ ಚಮಚ, ಲೋಟ ಒರೆಸಿ ಟ್ರೇಗೆ ಜೋಡಿಸುವುದು, ಚಟ್ನಿ ಬಟ್ಟಲು ತುಂಬಿಸುವುದು. ಮೊದಲ ಎರಡು ವಾರ ರೈಲಿಗೇ ಹೋಯಿತು. ಮಾತುಂಗದಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ, ಸ್ಲೋನೇ ಹತ್ತಬೇಕು. ಅದು ರೂಢಿಯಾಯಿತು. ಪ್ಲಾಟ್‌ಫಾರಂ ಬದಲಾಗಿದೆ ಅಂತ ಕೂಗಿದರೆ ಈಗಲೂ ಗಲಿಬಿಲಿಯಾಗುತ್ತಾನೆ. ನಾನೂ ಆಗುತ್ತೇನೆ ಬಿಡಿ.

ಅಡುಗೆಮನೆಯಲ್ಲಿ ನಾನು ಅವನ ಪಕ್ಕ ನಿಂತು ಪಿಸುಗುಡುತ್ತಲೇ ಇರುತ್ತಿದ್ದೆ. ಹತ್ತನೇ ದಿನವೋ ಏನೋ, ಬೈಂದೂರು ಕಡೆಯ ಒಬ್ಬ ಸಪ್ಲೈಯರ್ ತಟ್ಟೆ ಇಳಿಸುತ್ತಾ ಹೇಳಿದ: "ಅಕ್ಕ, ನೀವ್ ಹೊರಗ್ ಕೂಕಣಿ. ಅಂವ ಮಾಡ್ತ." ನಾನು ಕುಂದಾಪುರದವಳು, ಆ ಭಾಷೆಯಲ್ಲಿ ಹೇಳಿದ ಮೇಲೆ ಎದುರು ಮಾತಾಡಲಾಗಲಿಲ್ಲ. ಹೊರಗೆ ಕಂಬದ ಹಿಂದೆ ಕೂತು ನೋಡಿದೆ. ನಾನು ಬಣ್ಣದ ಚಿತ್ರ ಹಾಕಿ ಮಾಡಿದ ಚಾರ್ಟು ಸಾಂಬಾರು ಹಾರಿ ಹಾಳಾಗಿತ್ತು. ಸಪ್ಲೈಯರ್ ಬಟ್ಟಲೊಳಗೆ ಚಟ್ನಿ ಎಲ್ಲಿವರೆಗೆ ಅಂತ ಬೆರಳಿಟ್ಟು ತೋರಿಸಿದ. ಹುಡುಗ ಅಲ್ಲಿವರೆಗೇ ತುಂಬಿಸಿದ. ಪದವೂ ಅವರೇ ಆರಿಸಿಕೊಂಡರು. ಮರಾಠಿ ಹುಡುಗ ಈಗ ಮನೆಯಲ್ಲೂ 'ಒರ್ಸು' ಅನ್ನುತ್ತಾನಂತೆ. ನಾನೀಗ ಹೋಗುವುದು ವಾರಕ್ಕೊಂದೇ ಸಲ.

ಹಾಗಾಗಿ ಐದಕ್ಕೆ ಮೂರೂವರೆ. ಹೊಸದಾಗಿ ಈ ಕೆಲಸಕ್ಕೆ ಬಂದವರು ಖಂಡಿತ ಹೋಗಿ, ಎರಡನೇ ದಿನ ಮಾತ್ರ ತಪ್ಪಿಸಬೇಡಿ. ನನ್ನ ಹಾಗೆ ಹಳಬರಾದರೆ ದುಡ್ಡು ಕಟ್ಟುವ ಮೊದಲೇ ಕೇಳಿ: ಕೆಲಸ ಸಿಕ್ಕಿದ ಮೇಲಿನ ಆರು ತಿಂಗಳಿಗೆ ಎಷ್ಟು ಗಂಟೆ ಪಾಠ ಇದೆ ಅಂತ. ಊಟ ಚೆನ್ನಾಗಿತ್ತು. ನೋಟ್ಸ್ ಪೂರ್ತಿ ಇಂಗ್ಲಿಷಿನಲ್ಲಿದೆ, ನಮ್ಮ ಬ್ಯಾಚಿನಲ್ಲಿ ಅರ್ಧ ಜನ ಅದನ್ನು ಬಿಚ್ಚಿಯೇ ನೋಡಲಿಲ್ಲ.

ಹುಡುಗನಿಗೆ ಇದು ನಾಲ್ಕನೇ ತಿಂಗಳು. ಮೇ ತಿಂಗಳಲ್ಲಿ ಆ ಸಪ್ಲೈಯರ್ ಹದಿನೈದು ದಿನ ಊರಿಗೆ ಹೋಗುತ್ತಾನೆ. ಅಷ್ಟರೊಳಗೆ ಇನ್ನೊಬ್ಬರು ಬೇಕು. ಕಾಫಿ ಮಾಡುವ ಹುಡುಗನನ್ನು ಹೋದ ವಾರ ಕೇಳಿದೆ. ಲೋಟ ತೊಳೆಯುತ್ತಾ, ನನ್ನ ಮುಖ ನೋಡದೆ, "ಕಾಂಬ ಅಕ್ಕ" ಅಂದ, ನೋಡೋಣ ಅಂತ.