ಓಪನ್‌ವರ್ಟ್ ಮತ್ತು ಕೇಕ್: ಮಲೆನಾಡಿನ ವೈರ್‌ಲೆಸ್ ಇಂಟರ್ನೆಟ್ ಮೇಲೆ ಕೆಲವು ವರ್ಷಗಳ ಬಳಕೆ

ರೌಟರ್‌ಗೆ ಓಪನ್‌ವರ್ಟ್ ಫರ್ಮ್‌ವೇರ್ (ರೌಟರನ್ನು ನಡೆಸುವ ತಂತ್ರಾಂಶ) ಹಾಕಿ, ಅದರಲ್ಲಿ ಎಸ್‌ಕ್ಯೂಎಂ (ಪ್ಯಾಕೆಟ್‌ಗಳ, ಅಂದರೆ ಡೇಟಾ ತುಂಡುಗಳ, ಕ್ಯೂ ಉದ್ದವಾಗದಂತೆ ನೋಡಿಕೊಳ್ಳುವ ಸೌಲಭ್ಯ; ಕೇಕ್ ಅದರೊಳಗಿನ ಒಂದು ವಿಧಾನ) ಆನ್ ಮಾಡಿದ ಮೇಲೆ ನಮ್ಮ ಮನೆಯ ಇಂಟರ್ನೆಟ್ ವೇಗ ಒಂಚೂರೂ ಹೆಚ್ಚಲಿಲ್ಲ. ಸ್ಪೀಡ್ ಟೆಸ್ಟ್‌ನಲ್ಲಿ ಸ್ವಲ್ಪ ಕಡಿಮೆಯೇ ಬರುತ್ತದೆ. ಆದರೂ ವರ್ಷಗಳಿಂದ ಇದನ್ನು ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮದು ಸಾಗರದ ಕಡೆಯ ಹಳ್ಳಿ. ಫೈಬರ್ ಇನ್ನೂ ಬಂದಿಲ್ಲ. ಗುಡ್ಡದ ಮೇಲಿನ ಟವರ್‌ನಿಂದ ನಮ್ಮ ಮಾಡಿನ ಮೇಲಿರುವ 5 ಗಿಗಾಹರ್ಟ್ಜ್ ರೇಡಿಯೋಗೆ ಸಿಗ್ನಲ್ ಬರುತ್ತದೆ. ಅಲ್ಲಿಂದ ಕೇಬಲ್‌ನಲ್ಲಿ ರೌಟರ್‌ಗೆ, ರೌಟರ್‌ನಿಂದ ಮನೆಗೆಲ್ಲ ವೈಫೈ. ಪ್ಲಾನ್ 20 ಎಂಬಿಪಿಎಸ್. ಆಫೀಸ್ ಕೆಲಸ, ಮಕ್ಕಳ ಕ್ಲಾಸ್, ಟಿವಿ ಎಲ್ಲದಕ್ಕೂ ಅಷ್ಟು ಸಾಕು. ಆದರೆ ಯಾರದಾದರೂ ಫೋನ್ ಫೋಟೋ ಬ್ಯಾಕಪ್ ಶುರು ಮಾಡಿದ ಕೂಡಲೇ ಮೀಟಿಂಗ್‌ನಲ್ಲಿ ನನ್ನ ಮಾತು ತುಂಡು ತುಂಡಾಗುತ್ತಿತ್ತು. ಪಿಂಗ್ (ಪುಟ್ಟ ಸಂದೇಶವೊಂದು ಹೋಗಿ ಬರಲು ಹಿಡಿಯುವ ಹೊತ್ತು) ಹಾಕಿ ನೋಡಿದರೆ 25 ಮಿಲಿಸೆಕೆಂಡ್ ಇದ್ದದ್ದು ಒಂದು ಸೆಕೆಂಡ್ ದಾಟುತ್ತಿತ್ತು. ಗಮನಿಸಬೇಕಾದದ್ದು ಇದು: ಒಂದು ಪ್ಯಾಕೆಟ್ಟೂ ಕಳೆದುಹೋಗಿಲ್ಲ. ಎಲ್ಲವೂ ಬಂದಿವೆ, ಭಯಂಕರ ತಡವಾಗಿ.

ಇದು ಬಫರ್, ಅಂದರೆ ಪ್ಯಾಕೆಟ್‌ಗಳು ಸರದಿಗೆ ಕಾಯುವ ಜಾಗ, ಜಾಸ್ತಿ ಇರುವುದರ ಕಾಯಿಲೆ. 2010ರ ಸುಮಾರಿಗೆ ಜಿಮ್ ಗೆಟಿಸ್ ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರಿಟ್ಟರು. ಲಿನಕ್ಸ್‌ನಲ್ಲಿ ಬಹುಕಾಲ ಕ್ಯೂ ಉದ್ದ 1000 ಪ್ಯಾಕೆಟ್ ಅಂತ ಇತ್ತು. ಒಂದಕ್ಕೆ 1500 ಬೈಟ್ ಹಿಡಿದರೆ ಒಟ್ಟು 15 ಲಕ್ಷ ಬೈಟ್, ಅಂದರೆ 1.2 ಕೋಟಿ ಬಿಟ್. ಲೈನ್ 100 ಎಂಬಿಪಿಎಸ್ ಇದ್ದರೆ ಈ ಕ್ಯೂ ಖಾಲಿಯಾಗಲು 120 ಮಿಲಿಸೆಕೆಂಡ್ ಬೇಕು. 20ಕ್ಕೆ ಇಳಿದರೆ 600. ಅಪ್‌ಲೋಡ್ 2 ಎಂಬಿಪಿಎಸ್‌ಗೆ ಕುಸಿದರೆ ಪೂರ್ತಿ 6 ಸೆಕೆಂಡ್! ಬಫರ್ ಒಂದೇ, ವೇಗ ಬದಲಾದಂತೆ ಕಾಯುವ ಹೊತ್ತು ಬದಲಾಗುತ್ತದೆ. ವೈರ್‌ಲೆಸ್‌ನಲ್ಲಿ ವೇಗ ಯಾವತ್ತು ಒಂದೇ ಸಮ ಇರುತ್ತದೆ ಹೇಳಿ? ಗೋಡೆ ಅಡ್ಡ ಬಂದರೆ ಇಳಿಯುತ್ತದೆ, ಹಿತ್ತಲಿಗೆ ಹೋದರೆ ಇಳಿಯುತ್ತದೆ. ಹಾಗಾಗಿ 'ಇಷ್ಟು ಪ್ಯಾಕೆಟ್ ಸಾಕು' ಅಂತ ಒಂದು ಸಂಖ್ಯೆ ಬರೆದಿಡುವುದಕ್ಕೆ ಆಗುವುದಿಲ್ಲ.

ಹಾಗಂತ ಬಫರನ್ನು ತೀರಾ ಚಿಕ್ಕದು ಮಾಡಿದರೂ ಕೆಲಸ ಕೆಡುತ್ತದೆ. ವೈಫೈ ಹಲವು ಪ್ಯಾಕೆಟ್‌ಗಳನ್ನು ಒಟ್ಟು ಕಟ್ಟಿ ಒಂದೇ ಸಲಕ್ಕೆ ಕಳಿಸುತ್ತದೆ, ಅದರ ವೇಗ ನಿಂತಿರುವುದೇ ಅದರ ಮೇಲೆ. ಕಟ್ಟುವುದಕ್ಕೆ ಕ್ಯೂನಲ್ಲಿ ಸಾಮಾನೇ ಇಲ್ಲದಿದ್ದರೆ ಏನು ಕಟ್ಟೋದು?

ಇದಕ್ಕೆ ಉತ್ತರ ಕೊಟ್ಟದ್ದು ಕೋಡೆಲ್ ಅನ್ನುವ ಕ್ಯೂ ವಿಧಾನ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಇದನ್ನು ಮುಂದಿಟ್ಟರು. ಕ್ಯೂನಲ್ಲಿ ಎಷ್ಟು ಪ್ಯಾಕೆಟ್ ಇವೆ ಅಂತ ಕೋಡೆಲ್ ಎಣಿಸುವುದಿಲ್ಲ, ಪ್ರತಿ ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಅಂತ ನೋಡುತ್ತದೆ. ಆ ಹೊತ್ತು 100 ಮಿಲಿಸೆಕೆಂಡ್ ಪೂರ್ತಿ 5ರ ಕೆಳಗೆ ಇಳಿಯಲೇ ಇಲ್ಲ ಅಂದರೆ ಪ್ಯಾಕೆಟ್‌ಗಳನ್ನು ಬೇಕೆಂದೇ ಬಿಸಾಡುವುದಕ್ಕೆ ಶುರು ಮಾಡುತ್ತದೆ. ಕಳಿಸುವವನಿಗೆ ಸುಳಿವು ಸಿಕ್ಕು ಆತ ವೇಗ ತಗ್ಗಿಸುತ್ತಾನೆ. ಎಷ್ಟು ಸರಳ, ಎಷ್ಟು ಚೆಂದ! ಕೇಕ್ ಇದರ ಮುಂದಿನ ಹೆಜ್ಜೆ. 2018ರಲ್ಲಿ ಲಿನಕ್ಸ್ 4.19ಕ್ಕೆ ಸೇರಿತು. ಅದು ಬ್ಯಾಕಪ್ಪನ್ನೂ ವಿಡಿಯೋ ಕಾಲನ್ನೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸುತ್ತದೆ, ಮನೆಯ ಪ್ರತಿ ಫೋನ್‌ಗೂ ಸಮ ಪಾಲು ಕೊಡುತ್ತದೆ.

ಸೆಟ್ಟಿಂಗ್ ಕಷ್ಟವಿಲ್ಲ. ಲೂಸಿಯಲ್ಲಿ (ಬ್ರೌಸರ್‌ನಲ್ಲಿ ತೆರೆಯುವ ಓಪನ್‌ವರ್ಟ್‌ನ ಸೆಟ್ಟಿಂಗ್ ಪುಟ) ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ, ವ್ಯಾನ್ ಇಂಟರ್‌ಫೇಸ್ (ಹೊರಗಿನ ಇಂಟರ್ನೆಟ್ ಬರುವ ಕಡೆ) ಆರಿಸಿ, 'ಕೇಕ್' ಆಯ್ಕೆ ಮಾಡಿ, ವೇಗ ತುಂಬಬೇಕು. ನಿಜವಾಗಿ ಸಿಗುವ ವೇಗದ 85ರಿಂದ 95 ಶೇಕಡಾ ಹಾಕಬೇಕು. ನಾನು 20 ಇದ್ದಲ್ಲಿ 17 ಹಾಕಿದ್ದೇನೆ. ಪೂರ್ತಿ ಹಾಕಿದರೆ ಕ್ಯೂ ಮಾಡಿನ ಮೇಲಿನ ರೇಡಿಯೋದಲ್ಲೇ ಬೆಳೆಯುತ್ತದೆ, ಅಲ್ಲಿ ನಮ್ಮ ಮಾತು ನಡೆಯುವುದಿಲ್ಲ. ಸ್ವಲ್ಪ ಕಡಿಮೆ ಹಾಕಿದರೆ ಕ್ಯೂ ನಮ್ಮ ರೌಟರ್‌ಗೆ ಬರುತ್ತದೆ. ಈಗ ಬ್ಯಾಕಪ್ ನಡೆಯುತ್ತಿದ್ದರೂ ಪಿಂಗ್ 40ರ ಆಸುಪಾಸು ಇರುತ್ತದೆ. ನಾನು ಮೀಟಿಂಗ್‌ನಲ್ಲಿ ಇರುವಾಗ 'ಯಾರ್ರೀ ಅದು, ಫೋನ್ ಆಫ್ ಮಾಡಿ' ಅಂತ ಕೂಗುವುದು ನಿಂತಿದೆ.

ಮಳೆಗಾಲ ಮಾತ್ರ ಬೇರೆಯೇ ಕಥೆ. ನಮ್ಮ ಲಿಂಕ್‌ನ ದಾರಿಯಲ್ಲಿ ಮರಗಳಿವೆ. ಒದ್ದೆ ಎಲೆ ಸಿಗ್ನಲ್ಲನ್ನು ಚೆನ್ನಾಗಿ ನುಂಗುತ್ತದೆ. ಲಿಂಕ್ 10ಕ್ಕೆ ಇಳಿದಾಗ 17 ಅಂತ ಬರೆದಿಟ್ಟ ಸಂಖ್ಯೆಗೆ ಅರ್ಥವಿಲ್ಲ, ಕ್ಯೂ ವಾಪಸ್ ಮಾಡಿನ ಮೇಲಿನ ರೇಡಿಯೋಗೆ ಹೋಗುತ್ತದೆ. ಮೊದಲೆಲ್ಲ ಜೂನ್ ಬಂತೆಂದರೆ ಕೈಯಲ್ಲೇ ಇಳಿಸುತ್ತಿದ್ದೆ. ಈಗ ಕೇಕ್-ಆಟೋರೇಟ್ ಸ್ಕ್ರಿಪ್ಟ್ ಹಾಕಿದ್ದೇನೆ. ಅದು ಪಿಂಗ್ ನೋಡುತ್ತಾ ವೇಗವನ್ನು ಏರಿಸಿ ಇಳಿಸುತ್ತದೆ. 4ಜಿ, 5ಜಿ ರೌಟರ್ ಇಟ್ಟುಕೊಂಡವರಿಗೂ ಇದೇ ಸರಿ.

ಮನೆಯೊಳಗಿನ ವೈಫೈಗೆ ಎಸ್‌ಕ್ಯೂಎಂ ಸೆಟ್ಟಿಂಗ್ ಏನೂ ಬೇಡ. ದೂರದಲ್ಲಿರುವ ನಿಧಾನದ ಒಂದು ಫೋನ್ ಇಡೀ ಗಾಳಿಸಮಯ (ವೈಫೈ ಕಳಿಸಲು ಸಿಗುವ ಹೊತ್ತು) ತಿನ್ನದಂತೆ ನೋಡಿಕೊಳ್ಳುವ ಕೆಲಸ ಲಿನಕ್ಸ್‌ನ ವೈಫೈ ಭಾಗದೊಳಗೇ ಸೇರಿದೆ. ಟೋಕೆ ಹೋಯ್ಲಾಂಡ್-ಯೋರ್ಗೆನ್‌ಸನ್ ಮತ್ತು ಸಂಗಡಿಗರು 2017ರಲ್ಲಿ ಈ ಬಗ್ಗೆ ಪ್ರಬಂಧ ಮಂಡಿಸಿದರು. ಆದರೆ ಎಲ್ಲ ಚಿಪ್‌ನಲ್ಲೂ ಸಿಗುವುದಿಲ್ಲ. ಎಟಿಎಚ್9ಕೆ, ಎಟಿಎಚ್10ಕೆ, ಎಂಟಿ76 ಡ್ರೈವರ್ ಇರುವ ರೌಟರ್ ನೋಡಿ ಕೊಳ್ಳಿ. ಈ ಕೆಲಸಕ್ಕೆ ವರ್ಷಗಟ್ಟಲೆ ಜೀವ ತೇಯ್ದ ಡೇವ್ ಟಾಟ್ 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು. ನಮ್ಮಂಥ ಹಳ್ಳಿಮನೆಯ ಲೈನ್ ಇವತ್ತು ನೆಟ್ಟಗಿರುವುದರಲ್ಲಿ ಅವರ ಪಾಲು ದೊಡ್ಡದು.

ಕೊರತೆಗಳೂ ಇವೆ. ಕೇಕ್‌ಗೆ ಪ್ರೊಸೆಸರ್ ಬಲ ಬೇಕು. 20 ಎಂಬಿಪಿಎಸ್‌ಗೆ ನನ್ನ ಹಳೇ ರೌಟರ್ ಸಾಕು, 500 ಎಂಬಿಪಿಎಸ್ ಫೈಬರ್ ಇದ್ದರೆ ಅಗ್ಗದ್ದು ತಡೆಯುವುದಿಲ್ಲ. ಹಾರ್ಡ್‌ವೇರ್ ಆಫ್‌ಲೋಡಿಂಗ್ (ಪ್ರೊಸೆಸರ್ ಬಿಟ್ಟು ಚಿಪ್ಪೇ ಪ್ಯಾಕೆಟ್ ದಾಟಿಸುವ ಸೌಲಭ್ಯ) ಆಫ್ ಮಾಡಬೇಕು, ಇಲ್ಲದಿದ್ದರೆ ಪ್ಯಾಕೆಟ್‌ಗಳು ಕೇಕ್ ಮುಟ್ಟದೇ ದಾಟಿಹೋಗುತ್ತವೆ. ಫರ್ಮ್‌ವೇರ್ ಬದಲಿಸಿದರೆ ಕಂಪನಿಯ ವಾರಂಟಿ ಕೇಳುವ ಹಾಗಿಲ್ಲ. ಕೊಳ್ಳುವ ಮುಂಚೆ ಓಪನ್‌ವರ್ಟ್‌ನ ಹಾರ್ಡ್‌ವೇರ್ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಅಷ್ಟೇ ಅಲ್ಲ, ವರ್ಷನ್ ನಂಬರ್ ಕೂಡ ನೋಡಿ. ಒಂದೇ ಹೆಸರಿನ ಡಬ್ಬಿಯೊಳಗೆ ಬೇರೆ ಚಿಪ್ ಇರುತ್ತದೆ. 16 ಎಂಬಿ ಫ್ಲಾಶ್, 128 ಎಂಬಿ ರ‍್ಯಾಮ್‌ಗಿಂತ ಕಡಿಮೆ ಇದ್ದರೆ ಬೇಡವೇ ಬೇಡ.

ನಿಮಗೆ ಇದು ಬೇಕಾ ಅಂತ ತಿಳಿಯಲು ದೊಡ್ಡದೊಂದು ಫೈಲ್ ಅಪ್‌ಲೋಡ್‌ಗೆ ಹಾಕಿ, ಪಕ್ಕದಲ್ಲೇ ಪಿಂಗ್ ಓಡಿಸಿ. ಸಂಖ್ಯೆ ಇನ್ನೂರು ದಾಟಿದರೆ ಪ್ಲಾನ್ ದೊಡ್ಡದು ಮಾಡುವ ಮುಂಚೆ ಇದನ್ನು ಹಾಕಿ ನೋಡಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಆ ಅರ್ಧ ಕಳೆದದ್ದು ಆಟೋರೇಟ್ ಸೆಟ್ಟಿಂಗನ್ನು ಇನ್ನೂ ಕಮ್ಯಾಂಡ್ ಲೈನ್‌ನಲ್ಲೇ ಮಾಡಬೇಕಲ್ಲ, ಅದಕ್ಕೆ.