ದೇವನಹಳ್ಳಿ, ನಂದಿ, ಗುಡಿಬಂಡೆ ಕೋಟೆ ರೈಡು: ರೂಟಿಗೆ ಐದಕ್ಕೆ ಐದು, ಸೈಕಲ್ಲಿಗೆ ಎರಡು

ಫೆಬ್ರವರಿಯಲ್ಲಿ ಒಂದು ಶನಿವಾರ ಭಾನುವಾರ ನಾನು ಮತ್ತೆ ನಮ್ಮಣ್ಣನ ಮಗ ಸೇರ್ಕೊಂಡು ಈ ಎರಡು ದಿನದ ರೈಡಿಗೆ ಹೋಗಿದ್ವಿ. ಬಾಡಿಗೆ ರೋಡ್ ಬೈಕು (ಟಾರು ರೋಡಲ್ಲಿ ವೇಗವಾಗಿ ಓಡಿಸೋ ಸಣ್ಣ ಟೈರಿನ ಸೈಕಲ್ಲು), ಹಿಂದೆ ಒಂದು ವ್ಯಾನು, ಅದರಲ್ಲೊಬ್ಬ ಮೆಕ್ಯಾನಿಕ್ ಹುಡುಗ, ರಾತ್ರಿ ಚಿಕ್ಕಬಳ್ಳಾಪುರದಲ್ಲಿ ಲಾಡ್ಜು, ಊಟ ತಿಂಡಿ, ಎಲ್ಲಾ ಸೇರಿ ಒಬ್ಬರಿಗೆ 4,800 ರೂಪಾಯಿ. ಸಣ್ಣ ಗುಂಪು ನಡೆಸ್ತಿರೋದು, ಹೆಸರು ಹಾಕಲ್ಲ, ಯಾಕೆ ಅಂದ್ರೆ ಬ್ರೇಕಿನ ವಿಷಯದಲ್ಲಿ ನನಗೆ ಸಿಟ್ಟು ಬಂದಿದೆ, ಆದ್ರೆ ತಿದ್ಕೊಳ್ತೀವಿ ಅಂತ ಒಪ್ಕೊಂಡಿದಾರೆ. ಈ ಥರದ ರೈಡು ಈಗ ಬೇರೆಯವರೂ ಮಾಡಿಸ್ತಾರೆ, ಯಾರ ಹತ್ರ ಬುಕ್ ಮಾಡಿದ್ರೂ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಬೆಳಗ್ಗೆ 5 ಗಂಟೆಗೆ ಯಲಹಂಕದಿಂದ ಹೊರಟಿದ್ದು. ಏರ್‌ಪೋರ್ಟ್ ರೋಡಿನ ಬಗ್ಗೆ ಹೇಳೋಕೇನೂ ಇಲ್ಲ, ಸರ್ವೀಸ್ ರೋಡು ಹಿಡ್ಕೊಂಡು ಹಿಂದೆ ಮುಂದೆ ಲೈಟ್ ಹಾಕ್ಕೊಂಡು ಬೇಗ ದಾಟಿಬಿಡ್ಬೇಕು ಅಷ್ಟೆ. ದೇವನಹಳ್ಳಿ ಹಳೇ ಊರಿಗೆ ತಿರುಗಿದ ಮೇಲೇ ರೈಡು ಶುರು ಆಗೋದು. ವಿಮಾನ ಹತ್ತೋಕೆ ಎಷ್ಟು ಸಲ ಈ ಕಡೆ ಬಂದಿಲ್ಲ ನಾವು, ಆದ್ರೆ ಕೋಟೆ ಒಳಗೆ ಕಾಲಿಟ್ಟಿದ್ದು ಇದೇ ಮೊದಲು. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆ, ಆಮೇಲೆ ಹೈದರ್, ಟಿಪ್ಪು ಕಾಲದಲ್ಲಿ ಕಲ್ಲಿನದಾಯ್ತು, 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯದ ಕೈಗೆ ಹೋಯ್ತು. ಟಿಪ್ಪು ಹುಟ್ಟಿದ ಜಾಗಾನೂ ಕೋಟೆ ಪಕ್ಕದಲ್ಲೇ ಇದೆ. ನನಗೆ ಇಷ್ಟ ಆಗಿದ್ದು ಏನಂದ್ರೆ ಕೋಟೆ ಒಳಗೆ ಇನ್ನೂ ಊರಿದೆ. ದಪ್ಪ ಬುರುಜಿನ ಬಾಗಿಲು ದಾಟಿ ಒಳಗೆ ಹೋದ್ರೆ ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಡ್ತಿದಾರೆ, ಹಾಲಿನ ಕ್ಯಾನು ಕಟ್ಕೊಂಡ ಟಿವಿಎಸ್ ಗಾಡಿ ನಮ್ಮನ್ನ ದಾಟ್ಕೊಂಡು ಹೋಗತ್ತೆ, ವೇಣುಗೋಪಾಲಸ್ವಾಮಿ ದೇವಸ್ಥಾನದ ಮುಂದೆ ಒಬ್ರು ಅಜ್ಜಿ ಹೂವು ಕಟ್ತಾ ಕೂತಿದ್ರು. ನನ್ನ ಹೆಲ್ಮೆಟ್ ನೋಡಿ, "ಎಲ್ಲಿಗವ್ವಾ ಇಷ್ಟೊತ್ತಿಗೇ?" ಅಂದ್ರು, ನಂದಿಗೆ ಅಂದೆ, "ಸೈಕಲ್ಲಾಗಾ!" ಅಂತ ಹೇಳಿ ಒಂದು ತುಂಡು ಕನಕಾಂಬರ ಕಿತ್ತು ಕೊಟ್ರು, ಅದನ್ನ ಹ್ಯಾಂಡಲಿಗೆ ಕಟ್ಕೊಂಡೆ. ಇಂಥ ಜಾಗಕ್ಕೆ ಇವರ ಪ್ಲಾನಲ್ಲಿ ಇದ್ದಿದ್ದು ಬರೀ 15 ನಿಮಿಷ. ದೇವಸ್ಥಾನದ ಹೊರಗೋಡೆ ಮೇಲೆ ರಾಮಾಯಣದ ಕೆತ್ತನೆ ಸಾಲಾಗಿದೆ, ಅದನ್ನ ಒಂದು ಸುತ್ತು ನೋಡೋಕೇ ಅಷ್ಟು ಟೈಮು ಬೇಕು.

ದೇವನಹಳ್ಳಿ ಬಿಟ್ಟ ಮೇಲೆ ಹೈವೇ ಬಿಡಿಸಿ ಹಳ್ಳಿ ರೋಡಲ್ಲಿ ಕರ್ಕೊಂಡು ಹೋದ್ರು, ಇದಕ್ಕೆ ಅವರಿಗೆ ಪೂರ್ತಿ ಮಾರ್ಕ್ಸು. ರೋಡು ಸಣ್ಣದು ಆದ್ರೆ ಟಾರು ಚೆನ್ನಾಗಿದೆ, ಎರಡೂ ಕಡೆ ದ್ರಾಕ್ಷಿ ಚಪ್ಪರ, ಗುಲಾಬಿ ಬೆಳೆಯೋ ಪಾಲಿಹೌಸು, ನಡುನಡುವೆ ಹುಣಸೆ ಮರ, ಎಲ್ಲಿ ತಿರುಗಿದ್ರೂ ನಂದಿ ಬೆಟ್ಟ ಒಂದೊಂದು ಆಕಾರದಲ್ಲಿ ಕಾಣತ್ತೆ, ಒಮ್ಮೆ ಮಲಗಿರೋ ಬಸವಣ್ಣನ ಥರ, ಒಮ್ಮೆ ಸೀದಾ ಗೋಡೆ ಥರ. ಎದುರುಗಾಳಿ ಇತ್ತು, ಆದ್ರೂ ಆಯಾಸ ಗೊತ್ತಾಗ್ಲಿಲ್ಲ. ತಿಂಡಿಗೆ ಒಂದು ಸಣ್ಣ ಹೋಟೆಲಲ್ಲಿ ತಟ್ಟೆ ಇಡ್ಲಿ, ಕೆಂಪು ಚಟ್ನಿ. ಹೆಂಗಸರಿಗೊಂದು ಮಾತು, ಶುಚಿಯಾದ ಟಾಯ್ಲೆಟ್ ಇರೋ ಜಾಗಗಳನ್ನ ಇವರು ಮೊದಲೇ ನೋಡಿಟ್ಕೊಂಡು ಅಲ್ಲಲ್ಲೇ ನಿಲ್ಲಿಸಿದ್ರು, ನಾವು ಕೇಳೋ ಹಾಗೇ ಆಗ್ಲಿಲ್ಲ. ನಾನು ಇಲ್ಲೀವರೆಗೂ ಹೋದ ಯಾವ ಗ್ರೂಪ್ ರೈಡಲ್ಲೂ ಇದನ್ನ ನೋಡಿರ್ಲಿಲ್ಲ.

ಈಗ ಬೆಟ್ಟ. ಚೆಕ್‌ಪೋಸ್ಟಿಂದ ಮೇಲಕ್ಕೆ ಏಳೂವರೆ, ಎಂಟು ಕಿಲೋಮೀಟರ್, ಸರಾಸರಿ ಐದಾರು ಪರ್ಸೆಂಟ್ ಏರು, ಅಂದ್ರೆ ನೂರು ಮೀಟರಿಗೆ ಐದಾರು ಮೀಟರ್ ಮೇಲಕ್ಕೆ, ಬೆಟ್ಟದ ತುದಿ 1,478 ಮೀಟರ್. ಕೇಳೋಕೆ ದೊಡ್ಡದೇನಲ್ಲ, ಆದ್ರೆ ಈ ಏರು ಒಂದೇ ಸಮ ಇರಲ್ಲ, ಶುರುವಲ್ಲಿ ಹಿತವಾಗಿ ಕರ್ಕೊಂಡು ಹೋಗಿ ಕೊನೇ ತಿರುವುಗಳಲ್ಲಿ ತೊಡೆ ಹಿಂಡಿಬಿಡತ್ತೆ. ಅದಕ್ಕೇ ಗೇರು ಮುಖ್ಯ. ಹಿಂದಿನ ಚಕ್ರದ ಗೇರು ಚಕ್ರಗಳ ಗೊಂಚಲಿಗೆ ಕ್ಯಾಸೆಟ್ ಅಂತಾರೆ, ಅದರ ದೊಡ್ಡ ಚಕ್ರಕ್ಕೆ ಹಲ್ಲು ಜಾಸ್ತಿ ಇದ್ದಷ್ಟೂ ಏರು ಹಗುರ. ಬುಕ್ ಮಾಡೋವಾಗ್ಲೇ ನಾನು ಹಿಂದೆ 32 ಹಲ್ಲಿನ ಕ್ಯಾಸೆಟ್ ಬೇಕು ಅಂತ ಕೇಳಿದ್ದೆ, ಆಯ್ತು ಮೇಡಂ ಅಂದಿದ್ರು, ಕೊಟ್ಟಿದ್ದು 28ರದ್ದು. ದಿನಾ ಓಡಿಸೋ ಹುಡುಗರಿಗೆ ನಡೆಯತ್ತೆ, 46 ವಯಸ್ಸಿನ ನನ್ನ ಮಂಡಿಗೆ ನಡೆಯಲ್ಲ, ಎರಡು ಕಡೆ ಇಳಿದು ತಳ್ಕೊಂಡು ಹೋದೆ. ಅಣ್ಣನ ಮಗ ಮುಂದೆ ಹೋಗಿ ಪ್ರತಿ ತಿರುವಲ್ಲೂ ಕಾಯ್ತಾ ನಿಂತಿದ್ದ, "ಅತ್ತೆ, ಇನ್ನೊಂದೇ ತಿರುವು" ಅಂತ ಅವನು ಆರು ಸಲ ಹೇಳಿರ್ಬೇಕು. ಮೇಲೆ ಕೋಟೆ ಬಾಗಿಲು ಕಂಡಾಗ ಕಣ್ಣಲ್ಲಿ ನೀರು ಬಂತು ನಿಜವಾಗ್ಲೂ.

ಇಳಿಯೋವಾಗ ಆಗಿದ್ದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಎರಡನೇ ತಿರುವಲ್ಲಿ ಮುಂದಿನ ಬ್ರೇಕ್ ಹಿಡಿದ್ರೆ ಕರಕರ ಅಂತ ಸದ್ದು, ಕಲ್ಲಿನ ಮೇಲೆ ಕತ್ತಿ ಉಜ್ಜಿದ ಹಾಗೆ. ಕೂಡ್ಲೇ ಎಡಕ್ಕೆ ತಗೊಂಡು ನಿಲ್ಲಿಸಿ ನೋಡಿದ್ರೆ ಪ್ಯಾಡಿನ ರಬ್ಬರು ಪೂರ್ತಿ ಸವೆದು ಹೋಗಿ ಒಳಗಿನ ಲೋಹ ರಿಮ್ಮಿಗೆ ತಾಗ್ತಿದೆ, ರಿಮ್ಮಿನ ಮೇಲೆ ಹೊಳೆಯೋ ಗೀರು ಸುತ್ತಲೂ ಎದ್ದಿದೆ, ಬೆರಳಿಟ್ರೆ ಸುಡತ್ತೆ. ಎದುರಿಗೆ ಕಾರುಗಳು ಏರಿ ಬರ್ತಿವೆ, ಪಕ್ಕದಲ್ಲಿ ಪ್ರಪಾತ. ಫೋನ್ ಮಾಡಿದ್ರೆ ಮಾಲೀಕರು "ಸರ್ವೀಸ್ ಆಗಿದೆಯಲ್ಲ ಮೇಡಂ, ನಿಧಾನಕ್ಕೆ ಇಳೀರಿ" ಅಂದ್ರು. ನಾನು ಇಳಿಯಲ್ಲ ಅಂದೆ. ವ್ಯಾನಿನ ಹುಡುಗ ಬಂದು ಒಂದು ಮಾತೂ ಆಡದೆ ಹತ್ತು ನಿಮಿಷದಲ್ಲಿ ಹೊಸ ಪ್ಯಾಡ್ ಹಾಕಿ, ಕೇಬಲ್ ಎಳೆದು, ತಾನೇ ಓಡಿಸಿ ನೋಡಿ, "ಅಕ್ಕಾ, ಇದನ್ನ ನಾನೇ ಬೆಳಗ್ಗೆ ನೋಡ್ಬೇಕಿತ್ತು" ಅಂದ. ಆ ಹುಡುಗನ ಮೇಲೆ ನನಗೆ ಬೇಜಾರಿಲ್ಲ, ಕತ್ತಲಲ್ಲಿ ಒಬ್ಬನೇ ಹನ್ನೊಂದು ಸೈಕಲ್ ಇಳಿಸಿ ಜೋಡಿಸಿದಾನೆ ಅವನು. ಇಬ್ಬರನ್ನ ಇಡ್ಬೇಕು, ಇಲ್ಲಾ ಹಿಂದಿನ ದಿನಾನೇ ಎಲ್ಲಾ ಸೈಕಲ್ ನೋಡಿಡ್ಬೇಕು. ಬೆಟ್ಟ ಇಳಿಸೋ ರೈಡಲ್ಲಿ ಬ್ರೇಕ್ ಪ್ಯಾಡ್ ನೋಡದೆ ಸೈಕಲ್ ಕೊಡೋದು ಜೀವದ ವಿಷಯ.

ಇನ್ನೊಂದು ತಕರಾರು ಕ್ರಮದ್ದು. ಇವರು ಬಿಸಿಲೇರೋ ಮುಂಚೆ ಬೆಟ್ಟ ಹತ್ತಿಸಿ, ಬುಡದ ನಂದಿ ಊರಲ್ಲಿರೋ ಭೋಗನಂದೀಶ್ವರನ್ನ ಆಮೇಲೆ ತೋರಿಸ್ತಾರೆ. ನಾವು ಹೋಗೋವಷ್ಟರಲ್ಲಿ ಹನ್ನೆರಡಾಗ್ತಾ ಬಂದಿತ್ತು, ಅಂಗಳದ ಕಲ್ಲು ಕಾದಿತ್ತು, ಬೆಳಗ್ಗೆಯಿಂದ ಶೂ ಒಳಗೆ ಬೆಂದಿದ್ದ ಕಾಲನ್ನ ಆ ಕಲ್ಲಿನ ಮೇಲೆ ಇಡೋಕೆ ಆಗದೆ ನೆರಳಿಂದ ನೆರಳಿಗೆ ಓಡಿದ್ವಿ. 9ನೇ ಶತಮಾನದಿಂದ ಇರೋ ದೇವಸ್ಥಾನ ಅದು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಎಲ್ಲರ ಕೈ ಬಿದ್ದಿದೆ. ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬದಲ್ಲಿ ಬಳ್ಳಿ, ಗಿಳಿ ಎಷ್ಟು ಸೂಕ್ಷ್ಮವಾಗಿದೆ ಅಂದ್ರೆ ಬೆರಳು ತಾನಾಗೇ ಹೋಗತ್ತೆ. ಇಲ್ಲಿನವರು ಹೇಳೋ ಪ್ರಕಾರ ಕೆಳಗಿರೋ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿರೋ ಯೋಗನಂದೀಶ್ವರ ವೈರಾಗ್ಯ, ಅದಕ್ಕೇ ಮೇಲೆ ಉತ್ಸವದ ಸಡಗರ ಇಲ್ಲ. ಹಾಗಿರೋವಾಗ ಮೊದಲು ಭೋಗನಂದಿ ನೋಡಿ, ತಂಪು ಹೊತ್ತಲ್ಲಿ ಕಲ್ಯಾಣಿ ಮೆಟ್ಟಿಲ ಮೇಲೆ ಸ್ವಲ್ಪ ಕೂತು, ಆಮೇಲೆ ಏರಿದ್ರೆ ಎಷ್ಟು ಚೆನ್ನಾಗಿರತ್ತೆ! ಅರ್ಧ ಗಂಟೆ ಬಿಸಿಲು ಜಾಸ್ತಿ ಆಗ್ಲಿ, ಅಡ್ಡಿಯಿಲ್ಲ. ಅಲ್ಲಿಂದ ಮುದ್ದೇನಹಳ್ಳಿಗೆ ಹೋಗಿ ವಿಶ್ವೇಶ್ವರಯ್ಯನವರ ಮನೆ ನೋಡ್ಕೊಂಡು ಚಿಕ್ಕಬಳ್ಳಾಪುರ ಸೇರಿದ್ವಿ. ಲಾಡ್ಜು ಪರವಾಗಿಲ್ಲ, ಬಿಸಿನೀರು ಬಂತು, ರಾತ್ರಿ ಮುದ್ದೆ ಬಸ್ಸಾರು ಹೊಟ್ಟೆ ತುಂಬ.

ಭಾನುವಾರ ಗುಡಿಬಂಡೆ. ಪೇರೇಸಂದ್ರದ ತನಕ ಹೈವೇ, ಅಲ್ಲಿ ಎಡಕ್ಕೆ ತಿರುಗಿದ್ರೆ ಬಂಡೆಗಳ ಸೀಮೆ. ಏರಿಳಿತ ಜಾಸ್ತಿ ಆದ್ರೆ ಯಾವ ಏರೂ ಉದ್ದ ಇಲ್ಲ, ಇಳಿದ ವೇಗದಲ್ಲೇ ಮುಂದಿನ ದಿಬ್ಬದ ಅರ್ಧಕ್ಕೆ ಹೋಗ್ಬಿಡ್ತೀವಿ, ರೋಡ್ ಬೈಕ್ ಇಟ್ಕೊಂಡೋರಿಗೆ ಇದಕ್ಕಿಂತ ಖುಷಿ ರೋಡು ನಮ್ಮ ಕಡೆ ಕಮ್ಮಿ. ಕ್ವಾರಿ ಲಾರಿ ಬಗ್ಗೆ ಮಾತ್ರ ಎಚ್ಚರ, ಜಲ್ಲಿ ಚೆಲ್ಲಿರತ್ತೆ, ತಿರುವಲ್ಲಿ ನಿಧಾನ ಮಾಡಿ. ಊರು ಇನ್ನೂ ದೂರ ಇರೋವಾಗ್ಲೇ ಬೆಟ್ಟಕ್ಕೆ ಹಾರ ಹಾಕಿದ ಹಾಗೆ ಸುತ್ತಿಕೊಂಡಿರೋ ಕೋಟೆ ಕಾಣತ್ತೆ. ಬೈರೇಗೌಡ ಅನ್ನೋ ಪಾಳೇಗಾರ ಕಟ್ಟಿಸಿದ್ದು, ಏಳು ಸುತ್ತು. ಇದನ್ನ ಹತ್ತೋದು ಕಲ್ಲಿನ ಮೆಟ್ಟಿಲಲ್ಲಿ, ಕ್ಲೀಟ್ ಶೂ (ಪೆಡಲಿಗೆ ಸಿಕ್ಕಿಸೋಕೆ ಅಡಿಯಲ್ಲಿ ಗಟ್ಟಿ ತುಂಡು ಇರೋ ಸೈಕಲ್ ಶೂ) ಹಾಕ್ಕೊಂಡು ಆಗೋದೇ ಇಲ್ಲ, ಜಾರತ್ತೆ. ಚಪ್ಪಲಿ ತನ್ನಿ ಅಂತ ಮೊದಲೇ ಒಂದು ಮೆಸೇಜ್ ಹಾಕ್ಬೇಕಿತ್ತು ಇವರು, ಅದೇ ವ್ಯಾನಿನ ಹುಡುಗ ತನ್ನ ಚಪ್ಪಲಿ ಬಿಚ್ಚಿ ಕೊಟ್ಟ.

ಮೇಲೆ ಹೋಗ್ತಾ ಬಂಡೆಯಲ್ಲೇ ಮಾಡಿರೋ ದೊಣೆಗಳನ್ನ ನೋಡಿ, 19 ಇವೆ ಅಂತಾರೆ. ಮಳೆ ನೀರು ಮೇಲಿನದು ತುಂಬಿ ಕೆಳಗಿನದಕ್ಕೆ ಇಳಿಯೋ ಹಾಗೆ ಒಂದಕ್ಕೊಂದು ಸೇರಿಸಿದಾರೆ, ಶತ್ರು ಎಷ್ಟು ದಿನ ಮುತ್ತಿಗೆ ಹಾಕಿ ಕೂತ್ರೂ ಒಳಗಿನವರಿಗೆ ನೀರಿಗೆ ತೊಂದರೆ ಆಗ್ಬಾರ್ದು ಅಂತ. ಬಗ್ಗಿ ನೋಡಿದೆ, ಹಸಿರು ನೀರು, ಅಂಚಲ್ಲಿ ಒಂದು ಕಪ್ಪೆ, ಕಲ್ಲಿನ ಮೇಲೆ ಹಿಂದಿನ ಮಳೆಗಾಲದ ನೀರು ಎಲ್ಲೀವರೆಗೆ ಬಂದಿತ್ತು ಅನ್ನೋ ಗೆರೆ. ನದಿ ಇಲ್ಲದ ಸೀಮೆ ಜನ ಒಂದು ಹನಿ ನೀರನ್ನ ಹೇಗೆ ಹಿಡಿದಿಟ್ಕೊಂಡಿದ್ರು ಅಂತ ನೋಡಿ ನನಗೆ ಬಹಳ ಗೌರವ ಬಂತು. ತುದಿಯಲ್ಲಿ ರಾಮೇಶ್ವರ ದೇವಸ್ಥಾನ, ಅಲ್ಲಿಂದ ಕೆಳಗೆ ನೋಡಿದ್ರೆ ಬೈರಸಾಗರ ಕೆರೆ ಭಾರತದ ನಕ್ಷೆ ಥರಾನೇ ಕಾಣತ್ತೆ. ಇಲ್ಲಿ ಮಾತ್ರ ಎರಡು ಗಂಟೆ ಬಿಟ್ಟಿದ್ರು, ಥ್ಯಾಂಕ್ಸ್.

ವಾಪಸ್ ಚಿಕ್ಕಬಳ್ಳಾಪುರಕ್ಕೆ ಓಡಿಸ್ಕೊಂಡು ಬಂದು, ಅಲ್ಲಿಂದ ವ್ಯಾನಲ್ಲಿ ಬೆಂಗಳೂರು. ಎರಡು ದಿನಕ್ಕೆ ಸುಮಾರು 140 ಕಿಲೋಮೀಟರ್ ಆಯ್ತು. ವಾರದಲ್ಲಿ ಎರಡು ಮೂರು ದಿನ ಸೈಕಲ್ ಹೊಡೆಯೋರಿಗೆ ಕಷ್ಟ ಇಲ್ಲ, ಹೊಸಬರು ಮೊದಲು ನಂದಿ ಒಂದೇ ಮಾಡಿ ನೋಡಿ, ಬೆಟ್ಟದ ಗೇಟು ತೆಗೆಯೋ ಟೈಮು ಹೊರಡೋ ಮುಂಚೆ ಕೇಳ್ಕೊಳ್ಳಿ. ಸ್ವಂತ ಸೈಕಲ್ ಇದ್ರೆ ಅದನ್ನೇ ತಗೊಂಡು ಹೋಗಿ, ದುಡ್ಡೂ ಕಮ್ಮಿ ಮಾಡ್ತಾರೆ. ಬಾಡಿಗೆದೇ ಆದ್ರೆ ಕ್ಯಾಸೆಟ್ ಎಷ್ಟು ಹಲ್ಲಿಂದು ಅಂತ ಫೋಟೋ ತರಿಸ್ಕೊಳ್ಳಿ, ಹತ್ತೋ ಮುಂಚೆ ನಾಲ್ಕೂ ಬ್ರೇಕ್ ಪ್ಯಾಡಲ್ಲಿ ಸವೆತ ತಿಳಿಸೋ ಗೆರೆ ಕಾಣತ್ತಾ ಅಂತ ಟಾರ್ಚ್ ಹಾಕಿ ನೋಡಿ, ಗೆರೆ ಮಾಯ ಆಗಿದ್ರೆ ಆ ಸೈಕಲ್ ಮುಟ್ಬೇಡಿ.

ಸೋಮವಾರ ಮಾಲೀಕರೇ ಫೋನ್ ಮಾಡಿ ತಪ್ಪಾಯ್ತು ಅಂದ್ರು, ಸೈಕಲ್ ಬಾಡಿಗೆ 1,200 ವಾಪಸ್ ಹಾಕಿದ್ರು. ಮಳೆಗಾಲ ಮುಗಿದ ಮೇಲೆ ನನ್ನ ಸೈಕಲ್ಲಲ್ಲೇ ಇನ್ನೊಂದು ಸಲ ಬರ್ತೀನಿ, ಗುಡಿಬಂಡೆ ದೊಣೆ ಒಂದರಿಂದ ಇನ್ನೊಂದಕ್ಕೆ ತುಂಬಿ ಇಳಿಯೋದನ್ನ ನೋಡ್ಬೇಕು, ಆದ್ರೆ ಭೋಗನಂದಿ ಬೆಳಗ್ಗೇನೇ ಆಗ್ಬೇಕು ಅಂದಿದೀನಿ. ಬರ್ಕೊಂಡಿದೀನಿ ಮೇಡಂ ಅಂದಿದಾರೆ.