ಟ್ಯಾಂಕ್‌ಲೆಸ್ ಗೀಸರ್ ತೊಳೆಯುವ ಕಿಟ್: ದುಡ್ಡು ಪಂಪಿಗೆ ಹಾಕಿ, ಬಾಟಲಿಗಲ್ಲ

ಟ್ಯಾಂಕ್‌ಲೆಸ್ ಗೀಸರ್ (ನೀರು ತುಂಬಿಡದೆ, ಹರಿಯುವಾಗಲೇ ಕಾಯಿಸುವಂಥದ್ದು) ಒಳಗೆ ಕಟ್ಟಿದ ಸುಣ್ಣ ಬಿಡಿಸಲು ಸಿಗುವ ರೆಡಿ ಕಿಟ್‌ಗಳೆಲ್ಲ ನೋಡಲು ಹೆಚ್ಚುಕಮ್ಮಿ ಒಂದೇ: ಸುಮಾರು 19 ಲೀಟರ್ ಹಿಡಿಯುವ ಮುಚ್ಚಳದ ಬಕೆಟ್, ನೀರೊಳಗೆ ಮುಳುಗಿಸಿಡುವ ಸಣ್ಣ ಪಂಪ್, ಎರಡು ಹೋಸ್ ಪೈಪು, ಒಂದು ಬಾಟಲಿ ಆಸಿಡ್ ದ್ರಾವಣ. ಹೊಸದರಲ್ಲಿ ಯಾವ ಕಿಟ್ ಆದರೂ ಕೆಲಸ ಮಾಡುತ್ತದೆ. ಅದರ ನಿಜವಾದ ಗುಣ ಗೊತ್ತಾಗುವುದು ವರ್ಷವಿಡೀ ಮೂಲೆಯಲ್ಲಿ ಬಿದ್ದಿದ್ದು ಮತ್ತೆ ಹೊರಗೆ ಬಂದಾಗ. ಪಂಪ್ ತಿರುಗದೆ ಗುಂಯ್ ಎನ್ನುತ್ತಿದ್ದರೆ, ಹೋಸ್ ಜೋಡಿಸಿದ ಕಡೆಯಲ್ಲೆಲ್ಲ ಹನಿ ಬೀಳುತ್ತಿದ್ದರೆ ಆ ಕಿಟ್‌ನ ಆಯುಸ್ಸು ಮುಗಿದಂತೆ. ಬಾಟಲಿ ಹೇಗೂ ಮೊದಲ ಸಲಕ್ಕೇ ಖಾಲಿಯಾಗಿರುತ್ತದೆ.

ಕಿಟ್ ಕೊಳ್ಳುವ ಮುಂಚೆ ಗೀಸರ್ ಕೆಳಗೊಮ್ಮೆ ಬಗ್ಗಿ ನೋಡಬೇಕು. ತಣ್ಣೀರು ಒಳಹೋಗುವ ಪೈಪಿಗೂ ಬಿಸಿನೀರು ಹೊರಬರುವ ಪೈಪಿಗೂ ಒಂದೊಂದು ಸರ್ವಿಸ್ ವಾಲ್ವ್ ಇದೆಯೇ? ಅಂದರೆ ಮುಖ್ಯ ದಾರಿ ಮುಚ್ಚುವ ಬಾಲ್ ವಾಲ್ವ್, ಅದರ ಮಗ್ಗುಲಲ್ಲೇ ಹೋಸ್ ಸಿಕ್ಕಿಸಲು ಇನ್ನೊಂದು ಸಣ್ಣ ಬಾಯಿ. ಇದು ಇಲ್ಲದಿದ್ದರೆ ಎಂಥ ಪಂಪ್ ತಂದರೂ ಪ್ರತಿ ಸಲ ಪೈಪ್ ಬಿಚ್ಚುವ ಗೋಳು ತಪ್ಪುವುದಿಲ್ಲ. ಬಜೆಟ್ ಬಿಗಿಯಾಗಿದ್ದರೆ ಮೊದಲ ಖರ್ಚು ಈ ವಾಲ್ವ್ ಜೋಡಿಯದ್ದೇ ಆಗಲಿ. ಹಿತ್ತಾಳೆಯದು ಸಾಕು, ಆದರೆ ಒಳಗಿನ ದಾರಿ ಪೂರ್ತಿ ಅಗಲಕ್ಕೆ ತೆರೆಯುವಂಥದ್ದಿರಲಿ. ಬಿಸಿನೀರಿನ ಕಡೆಯ ವಾಲ್ವ್‌ನಲ್ಲಿ ಒತ್ತಡ ಬಿಡುವ ಸುರಕ್ಷತಾ ವಾಲ್ವ್ ಕೂಡ ಇರುತ್ತದೆ. ಹೋಸ್ ಸಿಕ್ಕಿಸುವ ಬಾಯಿ ಅದಲ್ಲ, ಅದರ ತಂಟೆಗೆ ಹೋಗಬಾರದು.

ಸೋರಿಕೆಯ ದೂರುಗಳಲ್ಲಿ ದೊಡ್ಡ ಪಾಲು ಥ್ರೆಡ್ ಹೊಂದದೆ ಆಗುವಂಥದ್ದು. ಅಮೆರಿಕದ ಮಾದರಿಯ ಕಿಟ್‌ಗಳಲ್ಲಿ ಬರುವುದು ಮುಕ್ಕಾಲು ಇಂಚಿನ ಗಾರ್ಡನ್ ಹೋಸ್ ಥ್ರೆಡ್, ಇಂಚಿಗೆ 11.5 ಸುತ್ತು. ಬೇರೆ ಬಹಳ ಕಡೆ ಚಾಲ್ತಿಯಲ್ಲಿರುವುದು ಬಿಎಸ್‌ಪಿ ಎಂಬ ಬ್ರಿಟಿಷ್ ಮಾದರಿಯ ಪೈಪ್ ಥ್ರೆಡ್, ಮುಕ್ಕಾಲು ಇಂಚಿನಲ್ಲಿ ಇಂಚಿಗೆ 14 ಸುತ್ತು. ಎರಡಕ್ಕೂ ಹೆಸರು ‘ಮುಕ್ಕಾಲು ಇಂಚು’, ಅಳತೆಯೂ ಹತ್ತಿರ ಹತ್ತಿರ. ಹಾಗಾಗಿ ಒಂದರ ಮೇಲೊಂದು ಒಂದೆರಡು ಸುತ್ತು ಹತ್ತಿ ಅಲ್ಲಿಗೇ ಬಿಗಿಯುತ್ತವೆ. ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ಹಿತ್ತಾಳೆಯ ಥ್ರೆಡ್ ಸವೆದು ವಾಲ್ವ್ ಕೆಡುತ್ತದೆ. ಹೋಸ್ ಥ್ರೆಡ್‌ನಲ್ಲಿ ನೀರು ತಡೆಯುವುದು ಒಳಗಿನ ಚಪ್ಪಟೆ ವಾಷರ್. ಅದಕ್ಕೆ ಟೆಫ್ಲಾನ್ ಟೇಪ್ ಎಷ್ಟು ಸುತ್ತಿದರೂ ಪ್ರಯೋಜನವಿಲ್ಲ. ವಾಷರ್ ಇಪಿಡಿಎಂ ರಬ್ಬರಿನದಾಗಿದ್ದರೆ ವಿನೆಗರ್, ಸಿಟ್ರಿಕ್ ಎರಡಕ್ಕೂ ಬಾಳಿಕೆ ಬರುತ್ತದೆ. ಹೇಗಿದ್ದರೂ ಅರ್ಧ ಡಜನ್ ಹೆಚ್ಚುವರಿ ವಾಷರ್ ಬಕೆಟ್ಟಿನಲ್ಲೇ ಇಟ್ಟುಕೊಳ್ಳಿ.

ಇನ್ನು ಪಂಪ್. ಗೀಸರ್ ತಯಾರಕರ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸೂಚನೆ ಏನೆಂದರೆ ಸುಮಾರು 15 ಲೀಟರ್ ದ್ರಾವಣವನ್ನು ನಿಮಿಷಕ್ಕೆ 15 ಲೀಟರ್‌ನಂತೆ 45 ನಿಮಿಷದಿಂದ ಒಂದು ಗಂಟೆ ತಿರುಗಿಸಬೇಕು. ಪಂಪ್ ಡಬ್ಬಿಯ ಮೇಲೆ ಬರೆದ ಹರಿವು ಸೊನ್ನೆ ಎತ್ತರದ್ದು. ಹೋಸ್, ಫಿಲ್ಟರ್, ಗೀಸರ್‌ನ ಸುರುಳಿ ಪೈಪು ಇಷ್ಟನ್ನೂ ದಾಟಿ ಬರುವಷ್ಟರಲ್ಲಿ ಅದು ಅರ್ಧಕ್ಕೂ ಇಳಿಯಬಹುದು. ಅದಕ್ಕೇ ಹರಿವಿನ ಅಂಕಿಗಿಂತ ಮೊದಲು ಗರಿಷ್ಠ ಹೆಡ್, ಅಂದರೆ ಪಂಪ್ ನೀರನ್ನು ಎಷ್ಟು ಎತ್ತರಕ್ಕೆ ತಳ್ಳಬಲ್ಲದು ಎನ್ನುವುದನ್ನು ನೋಡಬೇಕು. ನೆಲದ ಮೇಲಿನ ಬಕೆಟ್ಟಿನಿಂದ ಗೋಡೆಯ ಗೀಸರ್‌ನ ತುದಿಗೆ ಎರಡು ಮೀಟರ್ ಇರಬಹುದು. ದ್ರಾವಣ ಒಮ್ಮೆ ಅಷ್ಟು ಎತ್ತರ ಏರಲೇಬೇಕು. ಸುತ್ತು ಪೂರ್ತಿಯಾಗಿ ಪೈಪುಗಳಲ್ಲಿ ಗಾಳಿ ಹೋದ ಮೇಲೆ ಇಳಿಯುವ ನೀರೇ ಏರುವ ನೀರನ್ನು ಎಳೆಯುವುದರಿಂದ ಹೊರೆ ಕಡಿಮೆಯಾಗುತ್ತದೆ. ಕಾರಂಜಿ, ಅಕ್ವೇರಿಯಂ ಪಂಪ್‌ಗಳು ಸೋಲುವುದು ಆ ಮೊದಲ ಏರಿನಲ್ಲೇ. ಗರಿಷ್ಠ ಹೆಡ್ 5 ರಿಂದ 6 ಮೀಟರಿಗೆ ಕಡಿಮೆಯಿರುವುದನ್ನು ಕೊಳ್ಳಬೇಡಿ. ಆರನೇ ಒಂದು ಎಚ್‌ಪಿ, ಅಂದರೆ 125 ವ್ಯಾಟ್ ಆಸುಪಾಸಿನ ಸಬ್‌ಮರ್ಸಿಬಲ್ ಪಂಪ್ ಮನೆ ಬಳಕೆಗೆ ಸರಿಯಾದ ಅಳತೆ.

ಅಷ್ಟೇ ಮುಖ್ಯವಾದದ್ದು ಪಂಪ್ ಮೈ ಯಾವುದರದ್ದು ಎನ್ನುವುದು. ಎರಕದ ಕಬ್ಬಿಣ ಅಥವಾ ಅಲ್ಯುಮಿನಿಯಂ ಮೈಯ ಪಂಪ್ ಗಟ್ಟಿಮುಟ್ಟಾಗಿ ಕಾಣುತ್ತದೆ, ಬಾವಿ ನೀರೆತ್ತಲು ಒಳ್ಳೆಯದೂ ಹೌದು. ಆಸಿಡ್‌ಗೆ ಮಾತ್ರ ಬೇಡ. ಸುಣ್ಣಕ್ಕೆ ಹೋಗಬೇಕಾದ ಆಸಿಡ್ ಪಂಪನ್ನೇ ತಿನ್ನುತ್ತದೆ, ಕರಗಿದ ಕಬ್ಬಿಣ ಗೀಸರ್ ಒಳಗೆ ಸುತ್ತುತ್ತದೆ, ಮುಂದಿನ ವರ್ಷದ ಹೊತ್ತಿಗೆ ತುಕ್ಕು ಹಿಡಿದು ಇಂಪೆಲ್ಲರ್ (ನೀರು ತಳ್ಳುವ ಒಳಚಕ್ರ) ಕಚ್ಚಿಕೊಂಡಿರುತ್ತದೆ. ಥರ್ಮೋಪ್ಲಾಸ್ಟಿಕ್ ಮೈ, ಸ್ಟೇನ್‌ಲೆಸ್ ಸ್ಕ್ರೂ ಮತ್ತು ಶಾಫ್ಟ್ ಇರುವುದನ್ನೇ ಆರಿಸಿ. ತಳದ ಜಾಲರಿ ಕೈಯಲ್ಲಿ ಬಿಚ್ಚಲು ಬರುವಂತಿರಬೇಕು. ಒಣಗಿ ಕಚ್ಚಿಕೊಂಡ ಇಂಪೆಲ್ಲರನ್ನು ಪ್ಲಗ್ ತೆಗೆದು ಸ್ಕ್ರೂಡ್ರೈವರ್ ತುದಿಯಿಂದ ಅರ್ಧ ಸುತ್ತು ತಿರುಗಿಸಿದರೆ ಬಹಳ ಸಲ ಬಿಟ್ಟುಕೊಳ್ಳುತ್ತದೆ. ಜಾಲರಿ ಬಿಚ್ಚಲಾಗದ ಪಂಪ್‌ನಲ್ಲಿ ಆ ದಾರಿಯೂ ಮುಚ್ಚಿದಂತೆ.

12 ವೋಲ್ಟ್‌ನ ಡಯಾಫ್ರಾಮ್ ಪಂಪ್‌ಗಳಿಗೂ ಅಭಿಮಾನಿಗಳಿದ್ದಾರೆ. ಎತ್ತರಕ್ಕೆ ತಳ್ಳುವ ತಾಕತ್ತು ಅವಕ್ಕೆ ಚೆನ್ನಾಗಿದೆ, ಕರೆಂಟ್‌ನ ಭಯವೂ ಕಡಿಮೆ. ಆದರೆ ಸಾಮಾನ್ಯ ಗಾತ್ರದವುಗಳ ಹರಿವು ನಿಮಿಷಕ್ಕೆ ನಾಲ್ಕೈದು ಲೀಟರ್ ಮಾತ್ರ, ಜೊತೆಗೆ ಸುಣ್ಣದ ಒಂದು ಚೂರು ಒಳಗಿನ ಕವಾಟಕ್ಕೆ ಸಿಕ್ಕಿದರೆ ಒತ್ತುವುದೇ ನಿಲ್ಲುತ್ತದೆ. ಡ್ರಿಲ್‌ಗೆ ಸಿಕ್ಕಿಸುವ ಪಂಪ್ ಬಗ್ಗೆ ಯೋಚಿಸುವುದೇ ಬೇಡ. ಒಂದು ಗಂಟೆ ಬಿಡದೆ ತಿರುಗಿದರೆ ಕಾದು ಕೆಡುವುದು ಡ್ರಿಲ್.

ಹೋಸ್ ಆರಿಸುವಾಗ ಉದ್ದಕ್ಕಿಂತ ಒಳವ್ಯಾಸ ನೋಡಿ. ವಾಷಿಂಗ್ ಮಷಿನ್‌ನ ಹೋಸ್ ಅಗ್ಗ, ಎರಡೂ ತುದಿಗೆ ಕಪ್ಲಿಂಗ್ ಇರುತ್ತದೆ, ಆದರೆ ಒಳದಾರಿ ಎಷ್ಟೋ ಸಲ 10 ಮಿಲಿಮೀಟರ್ ಅಷ್ಟೇ. 16 ಮಿಲಿಮೀಟರ್ ಹೋಸ್‌ಗೆ ಹೋಲಿಸಿದರೆ ನೀರು ಹರಿಯುವ ಜಾಗ ಅರ್ಧಕ್ಕಿಂತ ಕಡಿಮೆ. ಒಂದೂವರೆಯಿಂದ ಎರಡು ಮೀಟರ್ ಉದ್ದ ಸಾಕು. ವಾಪಸ್ ಬರುವ ಹೋಸ್ ಪಾರದರ್ಶಕವಾಗಿದ್ದರೆ ಗುಳ್ಳೆ, ಬಣ್ಣ, ಸುಣ್ಣದ ಪುಡಿ ಎಲ್ಲ ಕಣ್ಣಿಗೆ ಬೀಳುತ್ತವೆ.

ಕಿಟ್ ಮಾರುವವರು ಹೆಚ್ಚು ಹೊಗಳುವುದು ಬಾಟಲಿಯನ್ನು. ಅದರ ಸುರಕ್ಷತಾ ಮಾಹಿತಿ ಪತ್ರ ಓದಿದರೆ ಒಳಗಿರುವುದು ಸಿಟ್ರಿಕ್, ಲ್ಯಾಕ್ಟಿಕ್, ಸಲ್ಫಾಮಿಕ್‌ನಂಥ ಪರಿಚಿತ ಆಸಿಡ್, ಜೊತೆಗೆ ಒಂದಿಷ್ಟು ಬಣ್ಣ. ಆಸಿಡ್ ಮುಗಿಯುತ್ತಾ ಬಂದಂತೆ ಬಣ್ಣ ಬದಲಾಗುವ ಅನುಕೂಲ ಕೆಲವದರಲ್ಲಿದೆ. ಅದೇ ಕೆಲಸವನ್ನು ಪಿಎಚ್ ಪಟ್ಟಿ (ಆಸಿಡ್ ಎಷ್ಟು ಉಳಿದಿದೆ ಎಂದು ಬಣ್ಣದಲ್ಲಿ ತೋರಿಸುವ ಕಾಗದ; ಆಸಿಡ್ ಕಡಿಮೆಯಾದಂತೆ ಪಿಎಚ್ ಅಂಕಿ ಏರುತ್ತದೆ) ಇನ್ನೂ ಚೆನ್ನಾಗಿ ಮಾಡುತ್ತದೆ.

ಲೆಕ್ಕ ಹಾಕಿ ನೋಡೋಣ. 5 ಶೇಕಡಾ ಬಿಳಿ ವಿನೆಗರ್ ಒಂದು ಲೀಟರ್ ಗರಿಷ್ಠ 41 ಗ್ರಾಂನಷ್ಟು ಕ್ಯಾಲ್ಸಿಯಂ ಕಾರ್ಬೋನೇಟ್, ಅಂದರೆ ಗೀಸರ್‌ನಲ್ಲಿ ಕಟ್ಟುವ ಸುಣ್ಣ, ಕರಗಿಸಬಲ್ಲದು. 15 ಲೀಟರಿಗೆ ಕಾಗದದ ಮೇಲೆ 600 ಗ್ರಾಂ ದಾಟುತ್ತದೆ, ಆದರೆ ಅಸಿಟಿಕ್ ಆಸಿಡ್ ದುರ್ಬಲ, ಕೊನೆಕೊನೆಗೆ ಬಹಳ ನಿಧಾನ. 100 ಗ್ರಾಂ ಸಿಟ್ರಿಕ್ ಪುಡಿ ಸುಮಾರು 78 ಗ್ರಾಂ ಕರಗಿಸಬಲ್ಲದು. ಅಂದರೆ 10 ಲೀಟರ್ ನೀರಿಗೆ 500 ಗ್ರಾಂ ಹಾಕಿದರೆ 390 ಗ್ರಾಂವರೆಗೆ. ವರ್ಷಕ್ಕೊಮ್ಮೆ ತೊಳೆಯುವ ಗೀಸರ್‌ಗೆ ಇಷ್ಟು ಧಾರಾಳ. ಡಬ್ಬ ಸಣ್ಣದು, ಘಾಟಿಲ್ಲ, ಒಣಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ದೀರ್ಘ ಬಳಕೆಯಲ್ಲಿ ಗೆಲ್ಲುವುದು ಇದೇ.

ಆದರೆ ಸಿಟ್ರಿಕ್‌ಗೊಂದು ಕೊಂಕಿದೆ. ಸುಣ್ಣ ಜಾಸ್ತಿಯಾಗಿ ಆಸಿಡ್ ಕಡಿಮೆಯಾದರೆ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಬಿಳಿ ಗಸಿ ಕೂರುತ್ತದೆ. ಈ ಗಸಿ ಬಿಸಿನೀರಿನಲ್ಲಿ ಇನ್ನೂ ಕಡಿಮೆ ಕರಗುತ್ತದೆ. ಆದ್ದರಿಂದ ‘ಬಿಸಿ ಮಾಡಿದರೆ ಬೇಗ ಬಿಡುತ್ತದೆ’ ಎಂದು ಕುದಿನೀರು ಸುರಿಯಬಾರದು. ಉಗುರುಬೆಚ್ಚಗೆ, 40 ಡಿಗ್ರಿಯೊಳಗೆ ಇರಲಿ. ಪಂಪಿನ ಸೀಲ್‌ಗೂ ಅದೇ ಹಿತ. ಪಿಎಚ್ 4ರ ಹತ್ತಿರ ಬಂದರೆ ಹಳೆಯ ದ್ರಾವಣ ಚೆಲ್ಲಿ ಹೊಸದು ಹಾಕಿ, ಹಳೆಯದನ್ನೇ ಇನ್ನಷ್ಟು ತಿರುಗಿಸುವುದು ವ್ಯರ್ಥ.

ವರ್ಷಾನುಗಟ್ಟಲೆ ಮುಟ್ಟದೆ ದಪ್ಪಗೆ ಕಟ್ಟಿದ್ದರೆ ಸಲ್ಫಾಮಿಕ್ ಚುರುಕು. 100 ಗ್ರಾಂಗೆ ಕರಗುವುದು ಸುಮಾರು 51 ಗ್ರಾಂ ಸುಣ್ಣವಾದರೂ ಅದರ ಕ್ಯಾಲ್ಸಿಯಂ ಲವಣ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಗಸಿಯ ಕಾಟವಿಲ್ಲ. ಇದನ್ನೂ ಬಿಸಿ ಮಾಡಬಾರದು. ಬಿಸಿಯಲ್ಲಿ ಒಡೆದು ಸಲ್ಫೇಟ್ ಆಗುತ್ತದೆ, ಕ್ಯಾಲ್ಸಿಯಂ ಸಲ್ಫೇಟ್ ಕಟ್ಟಿಕೊಂಡರೆ ಆಮೇಲೆ ಯಾವ ಮನೆಮದ್ದಿಗೂ ಬಗ್ಗುವುದಿಲ್ಲ. ಬಾತ್‌ರೂಂ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಗೀಸರ್ ಹತ್ತಿರವೂ ಬರಕೂಡದು, ಅದರ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಸೂಜಿಮೊನೆಯ ತೂತು ಕೊರೆಯುತ್ತದೆ. ಯಾವ ಆಸಿಡ್ ಆದರೂ ಬ್ಲೀಚ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಬ್ಲೀಚ್ ಹಾಕಿದ್ದ ಬಕೆಟ್ ಇದಕ್ಕೆ ಬೇಡ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ನಿಮ್ಮ ಗೀಸರ್ ಕೈಪಿಡಿ ಯಾವ ಆಸಿಡ್ ಒಪ್ಪುತ್ತದೆ ಎಂದು ನೋಡಿಕೊಂಡೇ ಮುಂದುವರಿಯಿರಿ, ವಾರಂಟಿ ಅದರ ಮೇಲೆ ನಿಂತಿರುತ್ತದೆ.

ಕೆಲಸ ನಡೆಯುವುದು ಹೀಗೆ. ಗ್ಯಾಸ್ ಮುಚ್ಚಿ, ಕರೆಂಟ್ ತೆಗೆಯಿರಿ. ವಿದ್ಯುತ್ ಗೀಸರ್ ಆದರೆ ಸ್ವಿಚ್ ಸಾಲದು, ಬ್ರೇಕರನ್ನೇ ಇಳಿಸಿ. ಗೀಸರ್ ತಣ್ಣಗಾದ ಮೇಲೆ ತಣ್ಣೀರು, ಬಿಸಿನೀರು ಎರಡೂ ಮುಖ್ಯ ವಾಲ್ವ್ ಮುಚ್ಚಿ, ಹೋಸ್ ಸಿಕ್ಕಿಸಿ, ಸರ್ವಿಸ್ ಬಾಯಿಗಳನ್ನು ತೆರೆದು ಒಳಗಿನ ನೀರನ್ನು ಹೊರಗೆ ಇಳಿಸಿ. ಈ ಇಳಿಸುವ ಹಂತ ಬಿಟ್ಟರೆ ಎರಡು ತೊಂದರೆ: ಒಳಗಿದ್ದ ನೀರು ದ್ರಾವಣವನ್ನು ತೆಳುವಾಗಿಸುತ್ತದೆ, ತುಂಬಿದ ಬಕೆಟ್ ಉಕ್ಕಿ ಹರಿಯುತ್ತದೆ. ತಣ್ಣೀರಿನ ಬಾಯಲ್ಲಿರುವ ಫಿಲ್ಟರ್ ತೆಗೆದು ತೊಳೆದು, ಕೈಪಿಡಿ ಬೇಡವೆನ್ನದಿದ್ದರೆ ಮತ್ತೆ ಹಾಕಿ. ಹರಿವು ಅಳೆಯುವ ಸಣ್ಣ ಚಕ್ರಕ್ಕೆ ಕಸ ಸಿಕ್ಕದಂತೆ ಕಾಯುವುದು ಅದೇ.

ಪಂಪಿನ ಹೋಸ್ ತಣ್ಣೀರಿನ ಬಾಯಿಗೆ, ಬಿಸಿನೀರಿನ ಬಾಯಿಯಿಂದ ಹೋಸ್ ವಾಪಸ್ ಬಕೆಟ್ಟಿಗೆ. ವಾಪಸ್ ಹೋಸ್ ತುದಿಗೆ ತೆಳು ಜಾಲಿಯ ಚೀಲ ಕಟ್ಟಿದರೆ ಬಿಡಿಸಿಕೊಂಡು ಬಂದ ಸುಣ್ಣದ ಹಕ್ಕಳೆ ಅಲ್ಲೇ ನಿಲ್ಲುತ್ತದೆ, ಪಂಪ್ ಅದನ್ನು ಮತ್ತೆ ನುಂಗುವುದಿಲ್ಲ. ಪಂಪನ್ನು 30 ಮಿಲಿಆಂಪ್ ಆರ್‌ಸಿಡಿ (ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸುರಕ್ಷತಾ ಸ್ವಿಚ್) ಇರುವ ಸಾಕೆಟ್‌ಗೆ ಮಾತ್ರ ಹಾಕಿ. ಹಳೆಯ ಪಂಪ್ ಹಾಕಿದ ಕೂಡಲೇ ಆರ್‌ಸಿಡಿ ಬಿದ್ದರೆ ಸೀಲ್ ಹೋಗಿ ಮೋಟಾರಿಗೆ ನೀರಿಳಿದಿರಬಹುದು. ರಿಪೇರಿ ಗೀಪೇರಿ ಬೇಡ, ಎಸೆಯಿರಿ.

ಆಸಿಡ್ ಹಾಕುವ ಮೊದಲು ಬರೀ ನೀರಿನಲ್ಲಿ ಐದು ನಿಮಿಷ ಓಡಿಸಿ. ಸೋರಿಕೆ ಇದ್ದರೆ ಆಗಲೇ ತಿಳಿಯುತ್ತದೆ. ವಾಪಸ್ ಹೋಸನ್ನು ಅಳತೆಯ ಪಾತ್ರೆಗೆ ಹಿಡಿದು ಹರಿವು ಬರೆದಿಟ್ಟುಕೊಳ್ಳಿ: 5 ಲೀಟರ್ 20 ಸೆಕೆಂಡಿನಲ್ಲಿ ಬಂದರೆ ನಿಮಿಷಕ್ಕೆ 15 ಲೀಟರ್. ತೊಳೆದ ಮೇಲೆ ಇದೇ ಅಳತೆ ಮತ್ತೆ ಮಾಡಿದರೆ ಕೆಲಸ ಎಷ್ಟಾಯಿತೆಂದು ಊಹಿಸಬೇಕಾಗಿಲ್ಲ. ಪಂಪಿನ ಮಗ್ಗುಲಿನ ಸಣ್ಣ ರಂಧ್ರದಿಂದ ನೀರು ಚಿಮ್ಮುತ್ತಿದ್ದರೆ ಗಾಬರಿ ಬೇಡ, ಒಳಗೆ ಗಾಳಿ ಕಟ್ಟದಂತೆ ಬಿಟ್ಟ ದಾರಿ ಅದು.

ಪುಡಿ ಕರಗಿಸಿ ತಿರುಗಿಸತೊಡಗಿದ ಮೇಲೆ ನೊರೆ, ಗುಳ್ಳೆ ಬರುವುದು ಇಂಗಾಲದ ಡೈಆಕ್ಸೈಡ್‌ನಿಂದ. 100 ಗ್ರಾಂ ಸುಣ್ಣ ಕರಗಿದರೆ ಸುಮಾರು 24 ಲೀಟರ್ ಅನಿಲ ಹೊರಬರುತ್ತದೆ. ಆದ್ದರಿಂದ ಕಿಟಕಿ ತೆರೆದಿರಲಿ. ‘ನೆನೆಯಲಿ’ ಎಂದು ಆಸಿಡ್ ಒಳಗಿಟ್ಟು ಎರಡೂ ಬಾಯಿ ಮುಚ್ಚುವುದಂತೂ ಅಪಾಯ, ಒತ್ತಡ ಏರುತ್ತದೆ. ಕಾಲು ಗಂಟೆಗೊಮ್ಮೆ ಪಿಎಚ್ ನೋಡಿ. ಎರಡು ಸಲ ಒಂದೇ ಅಂಕಿ ಬಂದು, ಅದು 4ಕ್ಕಿಂತ ಸಾಕಷ್ಟು ಕೆಳಗಿದ್ದು, ಗುಳ್ಳೆಯೂ ನಿಂತಿದ್ದರೆ ಕರಗಲು ಸುಣ್ಣ ಉಳಿದಿಲ್ಲ. ದ್ರಾವಣ ನೀಲಿ-ಹಸಿರಿಗೆ ತಿರುಗಿದರೆ ತಾಮ್ರ ಕರಗುತ್ತಿದೆ, ಅಲ್ಲಿಗೇ ನಿಲ್ಲಿಸಿ. ಮತ್ತೆಮತ್ತೆ ಹೊಸ ದ್ರಾವಣ ಹಾಕಿದರೂ ಹರಿವು ಏರದಿದ್ದರೆ ಕೆಲವು ದಾರಿಗಳು ಪೂರ್ತಿ ಮುಚ್ಚಿರಬಹುದು. ಒಳಗೆ ಹೋಗಲಾಗದ ಆಸಿಡ್ ಕರಗಿಸುವುದು ಏನನ್ನು? ತೀರಾ ಹಳೆಯ ಗೀಸರ್‌ನಲ್ಲಿ ಸುಣ್ಣವೇ ಮುಚ್ಚಿಟ್ಟಿದ್ದ ತೂತು ತೊಳೆದ ಮೇಲೆ ಸೋರತೊಡಗುವುದೂ ಉಂಟು. ಅದು ಕಿಟ್‌ನ ತಪ್ಪಲ್ಲ.

ಮುಗಿದ ಮೇಲೆ ಪಂಪ್ ನಿಲ್ಲಿಸಿ, ತಣ್ಣೀರಿನ ಕಡೆಯ ಸರ್ವಿಸ್ ಬಾಯಿ ಮುಚ್ಚಿ, ಮುಖ್ಯ ತಣ್ಣೀರು ತೆರೆದು, ಬಿಸಿನೀರಿನ ಕಡೆಯ ಹೋಸ್‌ನಿಂದ ಕನಿಷ್ಠ ಐದು ನಿಮಿಷ ಚರಂಡಿಗೆ ಬಿಡಿ. ಹೊರಬರುವ ನೀರಿನ ಪಿಎಚ್ ನಲ್ಲಿ ನೀರಿನದಕ್ಕೆ ಸರಿಹೊಂದಬೇಕು. ಆ ಬಾಯಿಯನ್ನೂ ಮುಚ್ಚಿ, ಮುಖ್ಯ ಬಿಸಿನೀರಿನ ವಾಲ್ವ್ ತೆರೆದು, ನಲ್ಲಿಗಳಲ್ಲಿ ಗಾಳಿ ಪೂರ್ತಿ ಹೋಗಿ ನೀರು ಸಮನಾಗಿ ಬರುವವರೆಗೆ ಬ್ರೇಕರ್ ಏರಿಸಬೇಡಿ. ವಿದ್ಯುತ್ ಗೀಸರ್‌ನ ಎಲಿಮೆಂಟ್ ನೀರಿಲ್ಲದೆ ಕಾದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಫಿಲ್ಟರನ್ನು ಇನ್ನೊಮ್ಮೆ ತೊಳೆಯಿರಿ. ಬಕೆಟ್ಟಿನ ದ್ರಾವಣಕ್ಕೆ ಅಡುಗೆ ಸೋಡಾವನ್ನು ನೊರೆ ನಿಲ್ಲುವವರೆಗೆ ಸ್ವಲ್ಪಸ್ವಲ್ಪವಾಗಿ ಹಾಕಿ ಚೆಲ್ಲಿದರೆ ಚರಂಡಿಯ ಪೈಪಿಗೂ ಒಳ್ಳೆಯದು.

ಎಷ್ಟು ಸಲ ಬೇಕು ಎನ್ನುವುದನ್ನು ನೀರಿನ ಗಡಸುತನ ನಿರ್ಧರಿಸುತ್ತದೆ. ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ ಅದು ಲೀಟರಿಗೆ 120 ಮಿಲಿಗ್ರಾಂ ಒಳಗಿದ್ದರೆ ವರ್ಷಕ್ಕೊಮ್ಮೆ ಸಾಕು, 180 ದಾಟಿದ್ದರೆ ಆರು ತಿಂಗಳಿಗೊಮ್ಮೆ. ಗಡಸು ನೀರಿನ ಮನೆಗೆ ಸ್ವಂತ ಪಂಪ್ ಬೇಕೇ ಬೇಕು. ಮೆದು ನೀರಿನವರು ಎರಡು ಮೂರು ಮನೆಗೆ ಒಂದು ಸೆಟ್ ಇಟ್ಟುಕೊಂಡರೂ ನಡೆಯುತ್ತದೆ.

ಕಿಟ್ ಬಾಳುವುದು ಅಥವಾ ಸಾಯುವುದು ಕೊನೆಯ ಹತ್ತು ನಿಮಿಷದಲ್ಲಿ. ಪಂಪನ್ನು ಶುದ್ಧ ನೀರಿನಲ್ಲಿ ಕೆಲವು ನಿಮಿಷ ಓಡಿಸಿ, ನೀರು ಬದಲಿಸಿ ಮತ್ತೆ ಓಡಿಸಿ, ಜಾಲರಿ ಬಿಚ್ಚಿ ತೊಳೆದು ಪೂರ್ತಿ ಒಣಗಿಸಿ. ಹೋಸ್‌ಗಳನ್ನು ತುದಿ ಕೆಳಗಾಗಿ ತೂಗುಹಾಕಿ ನೀರು ಬಸಿಯಲು ಬಿಡಿ. ಎಲ್ಲ ಒಣಗಿದ ಮೇಲೆ ಬಕೆಟ್ಟಿನೊಳಗಿಟ್ಟು, ಮುಚ್ಚಳವನ್ನು ಸಡಿಲವಾಗಿ ಹಾಕಿ. ಬಿಗಿಯಾಗಿ ಮುಚ್ಚಿದರೆ ಉಳಿದ ತೇವ ಒಳಗೇ ನಿಂತು ಪಂಪಿನ ಸ್ಕ್ರೂಗಳಿಗೆ ತುಕ್ಕು ಹಿಡಿಸುತ್ತದೆ.